ನೆಟ್‌ವರ್ಕ್ ಟೂಲ್‌ಗಳ ವಿವರಣೆ ಎಐ ಏಜೆಂಟ್‌ಗೆ ತಿಳಿಯೋ ಹಂಗ ಬರೆಯೋದು ಹೆಂಗ್ರಿ?

ಘಟಪ್ರಭಾ_ನಾಕ್, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ್ರಿ. ನವನಗರ, ಹಳೇ ಊರು, ಗುಳೇದಗುಡ್ಡ, ಇಳಕಲ್ ಕಡೆ ಫೈಬರ್ ಇಂಟರ್ನೆಟ್ ಕೊಡೋ ನೆಟ್‌ವರ್ಕ್ ನಮ್ಮದು. 4 ಓಎಲ್‌ಟಿ (ಮನಿಮನಿಗೆ ಫೈಬರ್ ಹಂಚೋ ನಮ್ಮ ಕಡೆಯ ಯಂತ್ರ), 63 ಸ್ವಿಚ್, 2 ಕೋರ್ ರೂಟರ್. ಅಲಾರಂಗೆ ಝ್ಯಾಬಿಕ್ಸ್, ಗ್ರಾಫ್‌ಗೆ ಲಿಬ್ರೆಎನ್‌ಎಂಎಸ್, ಯಾವ ಸಾಮಾನು ಎಲ್ಲೈತಿ ಅನ್ನೋದಕ್ಕ ನೆಟ್‌ಬಾಕ್ಸ್. ಮೂರನ್ನೂ ಒಂದು ಎಂಸಿಪಿ ಸರ್ವರ್ (ಎಐಗೆ ಹೊರಗಿನ ಸಾಫ್ಟ್‌ವೇರ್ ಬಳಸಾಕ ಕೊಡೋ ಸೇತುವೆ) ಮೂಲಕ ಎಐ ಏಜೆಂಟ್‌ಗೆ ಜೋಡಿಸೀವಿ. ರಾತ್ರಿ ಪಾಳಿಯವರು ಕನ್ನಡದಾಗ ಕೇಳ್ತಾರ, ಅದು ಟೂಲ್ (ಒಂದೊಂದು ಕೆಲಸಕ್ಕ ಇರೋ ಸಣ್ಣ ಫಂಕ್ಷನ್) ಕರೆದು ಉತ್ತರ ಹೇಳಬೇಕು.

ಎಪಿಐ (ಸಾಫ್ಟ್‌ವೇರ್‌ಗಳು ಒಂದರ ಜೊತೆ ಒಂದು ಮಾತಾಡೋ ದಾರಿ) ಫೈಲ್‌ನಿಂದ ತಾನಾಗೇ ತಯಾರಾದ 61 ಟೂಲ್ ಅದಾವು. ವಿವರಣೆ ಒಂದೊಂದು ಸಾಲು. ಆಗೋ ತಪ್ಪು ಇಂಥವು:

ಸ್ವಿಚ್ ಎಷ್ಟದಾವ ಅಂದ್ರ 50 ಅಂತೈತಿ. ಒಂದು ಮನಿ ಸಿಗ್ನಲ್ ಕೇಳಿದ್ರ "-2345 ಡಿಬಿಎಂ" ಅಂತೈತಿ (ಡಿಬಿಎಂ ಅಂದ್ರ ಬೆಳಕಿನ ಬಲದ ಅಳತಿ), ಆಫ್ ಆಗಿರೋ ಇನ್ನೊಂದು ಡಬ್ಬಿಗೆ "2147483647, ಸಿಗ್ನಲ್ ಬಹಳ ಬಲವಾಗಿದೆ" ಅಂತ ಬರೀತೈತಿ. ನಿನ್ನಿ ಸಿಗ್ನಲ್ ಹೆಂಗಿತ್ತು ಅಂದ್ರ "ದಾಖಲೆ ಇಲ್ಲ", ಆದ್ರ ಗ್ರಾಫ್ ಕಣ್ಣೆದುರಿಗೇ ಇರ್ತೈತಿ. ರಾತ್ರಿ 9:10ಕ್ಕೆ ಬಿದ್ದ ಲಿಂಕನ್ನ ಮಧ್ಯಾಹ್ನ 3:40ಕ್ಕೆ ಬಿತ್ತು ಅಂತೈತಿ.

ವಿವರಣೆಯೊಳಗ ಎಷ್ಟು ಬರೀಬೇಕು? ಕನ್ನಡದಾಗೋ ಇಂಗ್ಲಿಷ್‌ನಾಗೋ? ಮುಂದ ಓಎನ್‌ಯು (ಗ್ರಾಹಕರ ಮನಿಯಾಗಿನ ಫೈಬರ್ ಡಬ್ಬಿ) ರೀಬೂಟ್, ವಿಎಲ್ಯಾನ್ (ಒಂದೇ ನೆಟ್‌ವರ್ಕ್ ಒಳಗಿನ ಬೇರೆ ಬೇರೆ ಪಾಲು) ಸೇರಿಸೋ ಟೂಲ್ ಕೊಡೋ ವಿಚಾರನೂ ಐತಿ. ಅದಕ್ಕ ದಾಖಲೆ ಹೆಂಗಿರಬೇಕು?

---

ಮಾರ್ಕಂಡೇಯ_830, ಬೆಳಗಾವಿ

ಮೊದಲು ಆ 61ನ್ನು ಇಳಿಸಿ. ಅವು ಎಪಿಐ ವಿಳಾಸಗಳೇ ಹೊರತು ಟೂಲ್‌ಗಳಲ್ಲ. ನಿಮ್ಮ ಪಾಳಿಯವರು ದಿನವೂ ಕೇಳುವ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರಶ್ನೆಗೊಂದು ಟೂಲ್ ಎಂಬಂತೆ ಕಟ್ಟಿ. ಈ ಗ್ರಾಹಕನ ಸಿಗ್ನಲ್ ಎಷ್ಟು, ಈ ಪಾನ್ ಪೋರ್ಟಿನಲ್ಲಿ (ಹಲವು ಮನೆಗಳು ಹಂಚಿಕೊಳ್ಳುವ ಫೈಬರ್ ಹೊರಡುವ ಓಎಲ್‌ಟಿಯ ಪೋರ್ಟು) ಎಷ್ಟು ಜನ ಕೆಳಗಿದ್ದಾರೆ, ಈ ಲಿಂಕ್ ತುಂಬಿದೆಯೇ, ಈಗ ಯಾವ ಅಲಾರಂ ತೆರೆದಿವೆ: ಹೀಗೆ ಹತ್ತು ಹನ್ನೆರಡಕ್ಕೆ ನಿಮ್ಮ ಓದುವ ಕೆಲಸವೆಲ್ಲ ಮುಗಿಯುತ್ತದೆ. ಎಲ್ಲ ಟೂಲ್‌ಗಳ ವಿವರಣೆಯೂ ಸಾಮಾನ್ಯವಾಗಿ ಪ್ರತಿ ಮಾತುಕತೆಯಲ್ಲಿ ಮಾಡೆಲ್‌ನ ಮುಂದೆ ಇರುತ್ತದೆ. ಒಂದನ್ನೊಂದು ಹೋಲುವ ಹೆಸರುಗಳು ಹೆಚ್ಚಾದಷ್ಟೂ ತಪ್ಪು ಟೂಲ್ ಕರೆಯುವುದು ಹೆಚ್ಚುತ್ತದೆ.

ಈಗ ನಿಮ್ಮ ತಪ್ಪುಗಳಿಗೆ ಒಂದೊಂದಾಗಿ ಬರೋಣ. ಅನುಭವಸ್ಥ ಆಪರೇಟರ್‌ಗೆ ಗೊತ್ತಿದ್ದು, ಎಲ್ಲಿಯೂ ಬರೆದಿರದ ಸಂಗತಿಯೊಂದು ಪ್ರತಿ ತಪ್ಪಿನ ಹಿಂದೆಯೂ ಇದೆ.

50 ಸ್ವಿಚ್: ನೆಟ್‌ಬಾಕ್ಸ್ ಎಪಿಐ ಒಂದು ಪುಟಕ್ಕೆ ಡಿಫಾಲ್ಟ್ ಆಗಿ 50 ಸಾಲು ಮಾತ್ರ ಕೊಡುತ್ತದೆ. ಒಟ್ಟು ಸಂಖ್ಯೆ "ಕೌಂಟ್" ಎಂಬ ಫೀಲ್ಡ್‌ನಲ್ಲಿದೆ, ಮುಂದಿನ ಪುಟದ ವಿಳಾಸ "ನೆಕ್ಸ್ಟ್"ನಲ್ಲಿದೆ. ಇದನ್ನು ವಿವರಣೆಯಲ್ಲಿ ಬರೆಯುವುದಕ್ಕಿಂತ, ಪುಟಗಳನ್ನು ಸರ್ವರ್ ಕೋಡ್‌ನಲ್ಲೇ ಒಟ್ಟುಗೂಡಿಸಿ "ಒಟ್ಟು 63, ಇಲ್ಲಿ ತೋರಿಸಿದ್ದು 20, ಉಳಿದವು ಕತ್ತರಿಸಲಾಗಿದೆ" ಎಂದು ಉತ್ತರದಲ್ಲೇ ಕೊಡಿ. ಕತ್ತರಿಸಿದ್ದನ್ನು ಹೇಳದೆ ಕತ್ತರಿಸಿದರೆ ಏಜೆಂಟ್ ಅದನ್ನೇ ಪೂರ್ತಿ ಎಂದು ನಂಬುತ್ತದೆ.

"ದಾಖಲೆ ಇಲ್ಲ": ಝ್ಯಾಬಿಕ್ಸ್‌ನ ಹಿಸ್ಟರಿ ಗೆಟ್ ಕರೆಯಲ್ಲಿ "ಹಿಸ್ಟರಿ" ಎಂಬ ಪ್ಯಾರಾಮೀಟರ್ ಇದೆ. 0 ಎಂದರೆ ದಶಾಂಶ ಸಂಖ್ಯೆ, 3 ಎಂದರೆ ಧನ ಪೂರ್ಣಾಂಕ, ಕೊಡದಿದ್ದರೆ 3. ಆಪ್ಟಿಕಲ್ ಪವರ್ ಋಣ ಸಂಖ್ಯೆ, ಹಾಗಾಗಿ ಅದು 0 ವಿಧದಲ್ಲೇ ಶೇಖರವಾಗಿರುತ್ತದೆ. 3 ಎಂದು ಕೇಳಿದರೆ ಎರರ್ ಬರುವುದಿಲ್ಲ, ಖಾಲಿ ಪಟ್ಟಿ ಬರುತ್ತದೆ. ಖಾಲಿ ಪಟ್ಟಿಯನ್ನು ಕಂಡ ಏಜೆಂಟ್ ದಾಖಲೆ ಇಲ್ಲ ಎನ್ನುತ್ತದೆ. ಐಟಂನ ವಿಧವನ್ನು ಸರ್ವರ್ ತಾನೇ ಮೊದಲು ಓದಿ ಸರಿಯಾದ ಅಂಕಿ ಹಾಕಲಿ. ಇದನ್ನು ಮಾಡೆಲ್‌ನ ನೆನಪಿಗೆ ಬಿಡಬೇಡಿ. ಹಳೆಯ ದಿನಗಳಿಗೆ ಟ್ರೆಂಡ್ ಬೇರೆ ಇದೆ. ಅದು ಗಂಟೆಗೊಂದು ಕನಿಷ್ಠ, ಸರಾಸರಿ, ಗರಿಷ್ಠ. ಟ್ರೆಂಡ್‌ನಿಂದ ಬಂದ ಉತ್ತರಕ್ಕೆ "ಗಂಟೆಯ ಸರಾಸರಿ" ಎಂದು ಲೇಬಲ್ ಇರಲೇಬೇಕು.

ಸಮಯ: ಝ್ಯಾಬಿಕ್ಸ್ ಕೊಡುವುದು ಯುನಿಕ್ಸ್ ಸೆಕೆಂಡು (1970ರ ಜನವರಿ 1ರಿಂದ ಯುಟಿಸಿಯಲ್ಲಿ ಎಣಿಸಿದ ಸೆಕೆಂಡು). ಭಾರತೀಯ ಸಮಯ ಯುಟಿಸಿಗಿಂತ 5:30 ಮುಂದೆ, ನಿಮ್ಮ ವ್ಯತ್ಯಾಸವೂ ಅಷ್ಟೇ. ಲೆಕ್ಕವನ್ನು ಏಜೆಂಟ್‌ಗೆ ಬಿಡದೆ ಸರ್ವರ್‌ನಲ್ಲೇ ಬದಲಿಸಿ, ಉತ್ತರದಲ್ಲಿ "+05:30" ಸಮೇತ ಬರೆಯಿರಿ.

ನೀವು ಹೇಳದ ಇನ್ನೊಂದು ಹೊಂಡವೂ ಇದೆ. ಝ್ಯಾಬಿಕ್ಸ್‌ನಲ್ಲಿ ತೀವ್ರತೆ 0ರಿಂದ 5, ಅದರಲ್ಲಿ 5 ಅತಿ ಗಂಭೀರ. ಸಿಸ್‌ಲಾಗ್‌ನಲ್ಲಿ (ಡಿವೈಸ್‌ಗಳು ಕಳಿಸುವ ಘಟನೆಗಳ ದಾಖಲೆ) 0ರಿಂದ 7, ಅಲ್ಲಿ 0 ಅತಿ ಗಂಭೀರ. ಎರಡು ಟೂಲ್‌ಗಳೂ "ತೀವ್ರತೆ: 2" ಎಂದು ಬರಿ ಅಂಕಿ ಕೊಟ್ಟರೆ ಏಜೆಂಟ್ ಒಂದಲ್ಲ ಒಂದು ದಿನ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತದೆ. ಅಂಕಿ ಬಿಟ್ಟು ಪದ ಕೊಡಿ.

ಭಾಷೆಯ ಪ್ರಶ್ನೆಗೆ: ಟೂಲ್ ಹೆಸರು, ಫೀಲ್ಡ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಲಾಗ್ ಹುಡುಕುವಾಗ ಬೇಕಾಗುತ್ತದೆ. ವಿವರಣೆಯೂ ಇಂಗ್ಲಿಷ್‌ನಲ್ಲಿದ್ದರೆ ನಡೆಯುತ್ತದೆ, ಅದೇ ವಿಷಯಕ್ಕೆ ಕನ್ನಡದಲ್ಲಿ ಬಹಳಷ್ಟು ಮಾಡೆಲ್‌ಗಳಲ್ಲಿ ಟೋಕನ್ (ಮಾಡೆಲ್ ಓದುವ ಪಠ್ಯದ ತುಣುಕು) ಹೆಚ್ಚು ಖರ್ಚಾಗುತ್ತದೆ. ಆದರೆ ಜನ ಆಡುವ ಮಾತು ಮಾತ್ರ ಕನ್ನಡದಲ್ಲೇ ಅದರೊಳಗೆ ಇರಬೇಕು. "ಕೆಂಪು ಲೈಟ್ ಬರಾಕತ್ತೈತಿ" ಅಂದರೆ ಓಎನ್‌ಯುಗೆ ಬೆಳಕು ಬರುತ್ತಿಲ್ಲ. "ಬಫರ್ ಆಗಾಕತ್ತೈತಿ" ಅಂದರೆ ಲಿಂಕ್ ತುಂಬಿದೆಯೇ ನೋಡು, ಸಿಗ್ನಲ್ ಆಮೇಲೆ. ಬೆಳಗಾವಿ ಕಡೆ ಮರಾಠಿ ಮಾತುಗಳನ್ನೂ ಸೇರಿಸಬೇಕಾಗುತ್ತದೆ.

---

ಡೋಣಿ_ದಂಡೆ, ವಿಜಯಪುರ

ಮೇಲಿನವರು ಹೇಳಿದ್ದು ಖರೇ. ಊರಿನ ಹೆಸರಿನ ವಿಷಯ ಒಂದು ಬಿಟ್ಟಾರ, ಅದು ನಮ್ಮ ಮೂರೂ ಜಿಲ್ಲಾದಾಗ ಕಾಡ್ತೈತಿ. 2014ರ ನವೆಂಬರ್ 1ರಿಂದ ಬಿಜಾಪುರ ವಿಜಯಪುರ ಆತು, ಬೆಳಗಾಂ ಬೆಳಗಾವಿ ಆತು. ಡಿವೈಸ್ ಹೆಸರು ಮಾತ್ರ ಹಳೇವೇ ಉಳಿದಾವು. ಬಹಳ ಕಡೆ ರೈಲ್ವೆ ಕೋಡನ್ನೇ ಇಟ್ಟಿರ್ತಾರ: ಬಿಜೆಪಿ ಅಂದ್ರ ವಿಜಯಪುರ, ಬಿಜಿಎಂ ಅಂದ್ರ ಬೆಳಗಾವಿ, ಬಿಜಿಕೆ ಅಂದ್ರ ಬಾಗಲಕೋಟೆ. ವಿಜಯಪುರ ಸ್ವಿಚ್ ತೋರಸು ಅಂದ್ರ ಏಜೆಂಟ್ ಹೆಸರಿನಾಗ ವಿಜಯಪುರ ಹುಡುಕಿ "ಒಂದೂ ಇಲ್ಲ" ಅಂತೈತಿ. ಊರು, ಹಳೇ ಹೆಸರು, ಕೋಡ್, ನೆಟ್‌ಬಾಕ್ಸ್‌ನಾಗಿನ ಸೈಟ್ ನಂಬರ್, ಇವು ನಾಲ್ಕೂ ಒಂದೇ ಸಾಲಿನಾಗ ಇರೋ ಪಟ್ಟಿ ಮಾಡ್ರಿ. ನಿಮ್ಮ ನವನಗರಕ್ಕ ಸೆಕ್ಟರ್ ನಂಬರ್ ಬೇರೆ ಅದಾವು, ಅವನ್ನೂ ಯಾವ ಓಎಲ್‌ಟಿಯ ಯಾವ ಪಾನ್ ಅಂತ ಬರೀರಿ. ಈ ಪಟ್ಟಿ ಟೂಲ್ ವಿವರಣೆಯೊಳಗ ತುರುಕಬ್ಯಾಡ್ರಿ. ಊರಿನ ಹೆಸರು ಕೊಟ್ರ ಸೈಟ್ ನಂಬರ್ ಕೊಡೋ ಸಣ್ಣ ಟೂಲ್ ಒಂದು ಬೇರೇನೇ ಮಾಡ್ರಿ.

ಇನ್ನ ಸಿಗ್ನಲ್. -2345 ಅಂದ್ರ ನಿಮ್ಮ ಓಎಲ್‌ಟಿ ಡಿಬಿಎಂನ ನೂರನೇ ಭಾಗದಾಗ ಕೊಡ್ತೈತಿ, ಖರೇ ಮೌಲ್ಯ -23.45. 2147483647 ಅನ್ನೋದು ಧನ-ಋಣ ಚಿಹ್ನೆ ಇರೋ 32 ಬಿಟ್‌ನಾಗ ಹಿಡಿಯೋ ಅತಿ ದೊಡ್ಡ ಸಂಖ್ಯೆ, ಓಎನ್‌ಯು ಆಫ್‌ಲೈನ್ ಇದ್ದು ಓದಾಕ ಆಗಲಿಲ್ಲ ಅಂತ ಅದರ ಅರ್ಥ. ಝ್ಯಾಬಿಕ್ಸ್‌ನಾಗ 0.01 ಗುಣಕ ಹಾಕಿದ್ರ ಅದೂ 21474836.47 ಆಗಿ ಕೂಡ್ತೈತಿ. ಅದಕ್ಕ ಮೊದಲು ಆ ಸಂಖ್ಯೆ ಬಂದ್ರ ಬಿಸಾಕು ಅನ್ನೋ ಹಂತ, ಆಮೇಲೆ ಗುಣಕ. ಏಜೆಂಟ್‌ಗೆ ಹೋಗೋ ಉತ್ತರದಾಗ "ಮೌಲ್ಯ ಇಲ್ಲ, ಕಾರಣ: ಆಫ್‌ಲೈನ್" ಅಂತನೇ ಇರಬೇಕು. ಬೇರೆ ಬೇರೆ ಕಂಪನಿ ಓಎಲ್‌ಟಿ ಇದ್ರ ಒಂದೊಂದರ ಅಳತಿ ಒಂದೊಂದು ತರಹ, ಎಲ್ಲಾನೂ ಸರ್ವರ್‌ನಾಗ ಒಂದೇ ಅಳತಿಗೆ ತರ್ರಿ.

ಮಿತಿ ಬರೀರಿ. ಜಿಪಾನ್ ಬಿ ಪ್ಲಸ್ ಆಪ್ಟಿಕ್ಸ್‌ಗೆ (ಪಾನ್‌ನ ಒಂದು ದರ್ಜೆಯ ಬೆಳಕಿನ ಮಾಡ್ಯೂಲ್) ಓಎನ್‌ಯು ಹಿಡಿಯೋದು -8ರಿಂದ -27 ಡಿಬಿಎಂ ತನಕ. ಮಾಡೆಲ್‌ಗೆ -26 ಅಂದ್ರ ಒಳಗೈತಿ, ಸರಿ ಐತಿ ಅನ್ನಸ್ತೈತಿ. ಆದ್ರ ಮಳಿ ಬಂದ್ರ, ಕನೆಕ್ಟರ್‌ಗೆ ಧೂಳ ಕೂತ್ರ ಅದು ಬೀಳೋ ಲೈನ್. -25ರ ಕೆಳಗ "ದುರ್ಬಲ", -27ರ ಕೆಳಗ "ಮಿತಿ ಮೀರಿದೆ", -8ರ ಮೇಲೆ "ಅತಿ ಹೆಚ್ಚು, ಅಟೆನ್ಯುಯೇಟರ್ ನೋಡು" ಅಂತ ಪದ ಕೂಡಿಸಿ ಕೊಡ್ರಿ. ಒಂದೇ ಮನಿ ಇಳಿದ್ರ ಡ್ರಾಪ್ ಕೇಬಲ್ (ಮನಿಗೆ ಹೋಗೋ ಕೊನೇ ತುಂಡು) ಇಲ್ಲಾ ಕನೆಕ್ಟರ್, ಒಂದು ಸ್ಪ್ಲಿಟರ್‌ದಾಗಿನ (ಬೆಳಕನ್ನ ಹಲವು ಮನಿಗೆ ಹಂಚೋ ಸಾಧನ) ಎಲ್ಲಾ ಮನಿ ಕೂಡಿ ಇಳಿದ್ರ ಅದರ ಹಿಂದಿನ ಫೈಬರ್. ಈ ತರ್ಕ ಕೂಡ ಬರಹದಾಗ ಇರಬೇಕು, ಇಲ್ಲಂದ್ರ ಏಜೆಂಟ್ 32 ಮನಿಗೆ 32 ಟಿಕೆಟ್ ತೆಗೀತೈತಿ.

ಕರೆಂಟ್ ಹೋದಾಗಿನ ವಿಷಯನೂ ಅಷ್ಟೇ ದೊಡ್ಡದು. ಓಎನ್‌ಯು ಪವರ್ ಹೋಗೋ ಮುಂದ ಕೆಪ್ಯಾಸಿಟರ್‌ದಾಗ ಉಳಿದ ಕರೆಂಟ್‌ನಿಂದ "ಡೈಯಿಂಗ್ ಗ್ಯಾಸ್ಪ್" ಅಂತ ಕೊನೇ ಸುದ್ದಿ ಕಳಸ್ತೈತಿ. ಬೆಳಕು ಕಡಿದ್ರ "ಲಾಸ್" ಅಲಾರಂ. ಮೊದಲಿನದು ಬಂದ್ರ ಕರೆಂಟ್, ಎರಡನೇದು ಅಷ್ಟೇ ಬಂದ್ರ ಫೈಬರ್ ಅನ್ನೋದು ರೂಢಿ. ಆದ್ರ ಡೈಯಿಂಗ್ ಗ್ಯಾಸ್ಪ್ ಪ್ರತಿ ಸಲ ಮುಟ್ಟತೈತಿ ಅಂತ ಇಲ್ಲ. ಟ್ರಾನ್ಸ್‌ಫಾರ್ಮರ್ ಒಂದು ಕೂತ್ರ ನೂರಾರು ಓಎನ್‌ಯು ಒಮ್ಮೆಗೇ ಕಳಸ್ತಾವ, ಕೆಲವು ಕಳೀತಾವ. ಹಂಗಾಗಿ ವಿವರಣೆಯೊಳಗ ಹಿಂಗ ಬರೀರಿ: "ಬಂದರೆ ಕರೆಂಟ್ ಹೋಗಿದೆ ಎಂದು ಹೇಳಬಹುದು. ಬರದಿದ್ದರೆ ಫೈಬರ್ ಕಡಿದಿದೆ ಎಂದು ಅಷ್ಟರಿಂದಲೇ ಹೇಳಬೇಡ. ಅದೇ ಪಾನ್‌ನ ಉಳಿದವುಗಳನ್ನು ನೋಡು."

---

ಘಟಪ್ರಭಾ_ನಾಕ್, ಬಾಗಲಕೋಟೆ

ಇಬ್ಬರಿಗೂ ಧನ್ಯವಾದ್ರಿ. 61ರಿಂದ 11ಕ್ಕೆ ಇಳಿಸೀವಿ. ಸಿಗ್ನಲ್ ಟೂಲ್‌ಗೆ ಬರೆದ ವಿವರಣೆ ಇದು, ತಿದ್ದಿ ಕೊಡ್ರಿ:

"ಗೆಟ್_ಓಎನ್‌ಯು_ಸಿಗ್ನಲ್: ಓಎನ್‌ಯುದ ಆಪ್ಟಿಕಲ್ ಪವರ್ ಕೊಡುತ್ತದೆ. ಸೀರಿಯಲ್ ನಂಬರ್ ಕಡ್ಡಾಯ. ಯಾವಾಗಲೂ ಸರಿಯಾದ ಓಎನ್‌ಯು ಆರಿಸು. ತಪ್ಪು ಮಾಹಿತಿ ಕೊಡಬೇಡ."

ಇನ್ನೊಂದು ವಿಚಾರ. ಎಲ್ಲಾ ಬಿಟ್ಟು, ಶೋ ಕಮಾಂಡ್ (ಡಿವೈಸ್‌ನ ಸ್ಥಿತಿ ತೋರಿಸೋ ಆದೇಶ) ಓಡಿಸೋ ಒಂದೇ ಟೂಲ್ ಕೊಟ್ರ ಹೆಂಗ? ಮಾಡೆಲ್‌ಗೆ ಕಮಾಂಡ್ ಎಲ್ಲಾ ಗೊತ್ತದಾವಲ್ಲ.

---

ಮಾರ್ಕಂಡೇಯ_830, ಬೆಳಗಾವಿ

ಕೊನೆಯ ಎರಡು ವಾಕ್ಯ ತೆಗೆಯಿರಿ. "ತಪ್ಪು ಮಾಡಬೇಡ" ಎಂದರೆ ಮಾಡೆಲ್‌ಗೆ ಹೊಸ ಮಾಹಿತಿ ಏನೂ ಸಿಗುವುದಿಲ್ಲ. ಸರಿಯಾದ ಓಎನ್‌ಯು ಯಾವುದು ಎಂದು ತಿಳಿಯುವ ದಾರಿ ಬರೆಯಿರಿ. ನಾನಾದರೆ ಹೀಗೆ ಬರೆಯುತ್ತೇನೆ:

"ಒಬ್ಬ ಗ್ರಾಹಕನ ಓಎನ್‌ಯುಗೆ ಬರುತ್ತಿರುವ ಬೆಳಕಿನ ಮಟ್ಟ, ಡಿಬಿಎಂನಲ್ಲಿ. ಒಬ್ಬರದೇ ದೂರು ಬಂದಾಗ ಬಳಸು (ಕೆಂಪು ಲೈಟ್, ನೆಟ್ ಇಲ್ಲ, ಹೋಗಿ ಬಂದು ಮಾಡ್ತೈತಿ). ಇಡೀ ಬೀದಿ ಅಥವಾ ಸೆಕ್ಟರ್ ಕೆಳಗಿದ್ದರೆ ಇದಲ್ಲ, ಪಾನ್_ಸಾರಾಂಶ ಬಳಸು. ಸೀರಿಯಲ್: 4 ಅಕ್ಷರ, ನಂತರ 8 ಹೆಕ್ಸ್ ಅಂಕಿ, ಅಥವಾ ಪೂರ್ತಿ 16 ಹೆಕ್ಸ್ ಅಂಕಿ. ಸೀರಿಯಲ್ ಗೊತ್ತಿಲ್ಲದಿದ್ದರೆ ಊಹಿಸಬೇಡ, ಗ್ರಾಹಕ_ಹುಡುಕು ಮೊದಲು ಕರೆ. ಒಂದಕ್ಕಿಂತ ಹೆಚ್ಚು ಸಿಕ್ಕರೆ ಆಪರೇಟರ್‌ನನ್ನು ಕೇಳು. ಮೌಲ್ಯ ಕೊನೆಯ ಪೋಲಿಂಗ್‌ನದು, 5 ನಿಮಿಷದವರೆಗೆ ಹಳೆಯದಿರಬಹುದು. ಅಳೆದ ಸಮಯ ಉತ್ತರದಲ್ಲಿದೆ, ಆಪರೇಟರ್‌ಗೆ ಅದನ್ನೂ ಹೇಳು. ಮೌಲ್ಯ ಇಲ್ಲ ಎಂದು ಬಂದರೆ ಸಿಗ್ನಲ್ ಕೆಟ್ಟಿದೆ ಎಂದರ್ಥವಲ್ಲ, ಓದಲು ಆಗಿಲ್ಲ ಎಂದರ್ಥ."

ಸೀರಿಯಲ್‌ನ ಎರಡು ರೂಪ ಬರೆದದ್ದಕ್ಕೆ ಕಾರಣವಿದೆ. ಡಬ್ಬಿಯ ಮೇಲೆ ಎಚ್‌ಡಬ್ಲ್ಯೂಟಿಸಿ ಎಂದು ಶುರುವಾಗುವ ನಂಬರೇ ಓಎಲ್‌ಟಿಯಲ್ಲಿ 48575443 ಎಂದು ಶುರುವಾಗಬಹುದು, ಆ ನಾಲ್ಕು ಅಕ್ಷರಗಳ ಹೆಕ್ಸ್ (16ರ ಆಧಾರದ ಅಂಕಿ) ರೂಪ ಅದು. ಸರ್ವರ್ ಎರಡನ್ನೂ ಒಪ್ಪಿಕೊಳ್ಳಲಿ.

ಉದಾಹರಣೆ ಕೊಡುವಾಗ ನಿಜವಾದ ಗ್ರಾಹಕನ ಸೀರಿಯಲ್, ನಿಜವಾದ ಐಪಿ ಹಾಕಬೇಡಿ. ಮಾಡೆಲ್ ಉದಾಹರಣೆಯನ್ನೇ ಎತ್ತಿಕೊಂಡು ಟೂಲ್ ಕರೆಯುವುದುಂಟು. ದಾಖಲೆಗೆಂದೇ ಮೀಸಲಿಟ್ಟ ಐಪಿಗಳಿವೆ: 192.0.2.0/24, 198.51.100.0/24, 203.0.113.0/24. ಇವು ಬಂದರೆ "ಇದು ಉದಾಹರಣೆಯ ವಿಳಾಸ" ಎಂದು ಸರ್ವರ್ ತಿರಸ್ಕರಿಸಲಿ.

ಲಿಂಕ್ ತುಂಬಿದೆಯೇ ಎನ್ನುವ ಟೂಲ್‌ಗೆ: ಲಿಬ್ರೆಎನ್‌ಎಂಎಸ್ ಡಿಫಾಲ್ಟ್ ಪೋಲಿಂಗ್ (ಡಿವೈಸ್‌ನಿಂದ ಅಂಕಿ ಓದಿಕೊಳ್ಳುವ ಅಂತರ) 5 ನಿಮಿಷ, ಬರುವ ಅಂಕಿ 5 ನಿಮಿಷದ ಸರಾಸರಿ. 30 ಸೆಕೆಂಡ್ ಉಕ್ಕಿ ಇಳಿದದ್ದು ಅದರಲ್ಲಿ ಕಾಣುವುದಿಲ್ಲ ಎಂದು ಬರೆಯಿರಿ. ಎಸ್‌ಎನ್‌ಎಂಪಿಯ (ಡಿವೈಸ್‌ಗಳಿಂದ ಅಂಕಿ ಓದುವ ವಿಧಾನ) 32 ಬಿಟ್ ಕೌಂಟರ್ 1 ಗಿಗಾಬಿಟ್ ಪೂರ್ಣ ಹರಿವಿನಲ್ಲಿ ಸುಮಾರು 34 ಸೆಕೆಂಡಿಗೆ ಒಂದು ಸುತ್ತು ಮುಗಿಸಿ ಸೊನ್ನೆಗೆ ಬರುತ್ತದೆ. ಆದ್ದರಿಂದ 64 ಬಿಟ್ ಕೌಂಟರ್ ಮಾತ್ರ ಓದಿಸಿ.

ಶೋ ಕಮಾಂಡ್‌ಗೆ ಒಂದೇ ಟೂಲ್ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಒಂದು ಕಂಪನಿಯ ಕಮಾಂಡ್ ಇನ್ನೊಂದರಲ್ಲಿ ನಡೆಯುವುದಿಲ್ಲ, ಸಾವಿರಾರು ಸಾಲಿನ ಮ್ಯಾಕ್ ಟೇಬಲ್ (ಯಾವ ಪೋರ್ಟಿನಲ್ಲಿ ಯಾವ ಸಾಧನ ಎಂಬ ಪಟ್ಟಿ) ಒಂದೇ ಸಲ ಸುರಿದು ಮುಂಚಿನ ಮಾತು ಕೊಚ್ಚಿಹೋಗುತ್ತದೆ. ರನ್ನಿಂಗ್ ಕಾನ್ಫಿಗ್ (ಈಗ ಜಾರಿಯಲ್ಲಿರುವ ಸೆಟ್ಟಿಂಗ್) ಓದಿಸಿದರೆ ಎಸ್‌ಎನ್‌ಎಂಪಿ ಕಮ್ಯುನಿಟಿ (ಅದರ ಗುಪ್ತಪದ), ಪಾಸ್‌ವರ್ಡ್ ಸಾಲುಗಳೂ ಹೊರಗೆ ಹೋಗುತ್ತವೆ. ಸಿಸ್ಕೊದ ಟೈಪ್ 7 ಪಾಸ್‌ವರ್ಡ್ ಕ್ಷಣದಲ್ಲಿ ಬಿಡಿಸಬಹುದಾದದ್ದು, ಗೂಢಲಿಪಿ ಎಂದು ನಂಬಬೇಡಿ.

---

ಡೋಣಿ_ದಂಡೆ, ವಿಜಯಪುರ

ಪೂರ್ತಿ ಬ್ಯಾಡ ಅನ್ನೋದೂ ಸರಿ ಅಲ್ರಿ. 11 ಟೂಲ್‌ದಾಗ ಸಿಗದ ತೊಂದರೆ ಬಂದಾಗ ಏಜೆಂಟ್ ಕೈ ಕಟ್ಟಿ ಕೂಡ್ತೈತಿ. ಪ್ರತಿ ಡಿವೈಸ್ ವಿಧಕ್ಕ 15-20 ಶೋ ಕಮಾಂಡ್ ಪಟ್ಟಿ ಮಾಡಿ, ಆ ಪಟ್ಟಿಯೊಳಗಿಂದ ಮಾತ್ರ ಆರಿಸೋ ಹಂಗ ಸ್ಕೀಮಾದಾಗ (ಟೂಲ್‌ಗೆ ಏನೇನು ಕೊಡಬಹುದು ಅನ್ನೋ ನಮೂನೆ) ಕಟ್ಟಿದ್ರ ಆತು. ಉತ್ತರ 100 ಸಾಲಿಗೆ ಕತ್ತರಿಸಿ, ಗುಟ್ಟಿನ ಸಾಲು ಅಳಿಸಿ ಕೊಡ್ರಿ. ಎಲ್ಲಾ ಟೂಲ್ ನೋಡಿದ ಮ್ಯಾಲೆ ಕೊನೇಕ ಇದು ಅಂತ ವಿವರಣೆಯ ಮೊದಲನೇ ಸಾಲಿನಾಗೇ ಬರೀರಿ.

---

ಮಲಪ್ರಭಾ_ಲಿಂಕ್, ಖಾನಾಪುರ

ಬದಲಾವಣೆ ಮಾಡುವ ಟೂಲ್‌ಗಳ ಬಗ್ಗೆ ಯಾರೂ ಹೇಳಿಲ್ಲ, ಅದನ್ನು ಬರೆಯುತ್ತೇನೆ.

ದಾಖಲೆ ಬೇಲಿಯಲ್ಲ. "ಕೋರ್ ರೂಟರ್ ಮುಟ್ಟಬೇಡ" ಎಂದು ವಿವರಣೆಯಲ್ಲಿ ಬರೆದರೆ ಮಾಡೆಲ್ ಬಹುಪಾಲು ಪಾಲಿಸುತ್ತದೆ, ಪ್ರತಿ ಸಲ ಅಲ್ಲ. ಓದುವ ಟೂಲ್‌ಗಳಿಗೆ ಓದುವ ಹಕ್ಕು ಮಾತ್ರ ಇರುವ ಟೋಕನ್ (ಇಲ್ಲಿ ಲಾಗಿನ್ ಕೀಲಿ), ಎಸ್‌ಎನ್‌ಎಂಪಿ ವರ್ಷನ್ 3ರಲ್ಲಿ ಓದುವ ವ್ಯೂ ಮಾತ್ರ. ಬರೆಯುವ ಟೂಲ್‌ಗಳು ಬೇರೆ ಸರ್ವರ್‌ನಲ್ಲಿ, ಬೇರೆ ಲಾಗಿನ್‌ನಲ್ಲಿ. ಎಂಸಿಪಿಯಲ್ಲಿ ಟೂಲ್‌ಗೆ "ರೀಡ್ ಓನ್ಲಿ ಹಿಂಟ್", "ಡಿಸ್ಟ್ರಕ್ಟಿವ್ ಹಿಂಟ್" ಗುರುತು ಹಚ್ಚಬಹುದು, ಹಚ್ಚಿ. ಆದರೆ ಹೆಸರೇ ಹೇಳುವಂತೆ ಅವು ಸೂಚನೆ, ತಡೆಯುವ ಶಕ್ತಿ ಅವಕ್ಕಿಲ್ಲ.

ಒಂದು ಬದಲಾವಣೆಗೆ ಎರಡು ಟೂಲ್ ಮಾಡಿ. ಮೊದಲನೆಯದು ಯೋಜನೆ ಬರೆಯುತ್ತದೆ: ಯಾವ ಡಿವೈಸ್, ಯಾವ ಪೋರ್ಟ್, ಮೊದಲು ಏನಿತ್ತು, ಆಮೇಲೆ ಏನಾಗುತ್ತದೆ, ಎಷ್ಟು ಗ್ರಾಹಕರಿಗೆ ತಟ್ಟುತ್ತದೆ. ಪಾಳಿಯವರು ಓದಿ ಒಪ್ಪಿದ ಮೇಲೆ ಆ ಯೋಜನೆಯ ನಂಬರ್ ಮಾತ್ರ ಎರಡನೆಯ ಟೂಲ್‌ಗೆ ಹೋಗಬೇಕು. ಎರಡನೆಯದಕ್ಕೆ ಬೇರೆ ಪ್ಯಾರಾಮೀಟರ್ ಇರಲೇಬಾರದು, ಇದ್ದರೆ ಒಪ್ಪಿದ್ದೊಂದು ನಡೆದದ್ದೊಂದು ಆಗುತ್ತದೆ.

ವಿಎಲ್ಯಾನ್‌ಗೆ ವಿಶೇಷ ಎಚ್ಚರ ಬೇಕು. ಸಿಸ್ಕೊ ಐಓಎಸ್‌ನಲ್ಲಿ ಟ್ರಂಕ್‌ನ (ಹಲವು ವಿಎಲ್ಯಾನ್ ಹೊರುವ ಪೋರ್ಟು) "ಅಲೌಡ್ ವಿಎಲ್ಯಾನ್ 120" ಎಂದರೆ ಪಟ್ಟಿಯಲ್ಲಿದ್ದ ಉಳಿದೆಲ್ಲ ಹೋಗಿ 120 ಒಂದೇ ಉಳಿಯುತ್ತದೆ. ನಡುವೆ "ಆ್ಯಡ್" ಎಂಬ ಪದವಿದ್ದರೆ ಮಾತ್ರ ಸೇರುತ್ತದೆ. ಅಪ್‌ಲಿಂಕ್‌ನಲ್ಲಿ ಆ ಪದ ಬಿಟ್ಟುಹೋದರೆ ಮ್ಯಾನೇಜ್‌ಮೆಂಟ್ ವಿಎಲ್ಯಾನ್ ಸಮೇತ ಊರೇ ಕತ್ತಲು, ಸ್ವಿಚ್‌ಗೆ ಮತ್ತೆ ಲಾಗಿನ್ ಆಗಲೂ ದಾರಿಯಿಲ್ಲ. ಇದನ್ನು ಎಚ್ಚರಿಕೆಯಾಗಿ ಬರೆದು ಬಿಡಬೇಡಿ, ಟೂಲ್‌ನಲ್ಲಿ "ಸೇರಿಸು", "ತೆಗೆ" ಎಂಬ ಎರಡೇ ಆಯ್ಕೆ ಇಡಿ.

ತಾನಾಗೇ ಹಿಂದಕ್ಕೆ ಬರುವ ದಾರಿ ಇರುವಲ್ಲಿ ಅದನ್ನು ಬಳಸಿ. ಜುನೋಸ್‌ನಲ್ಲಿ (ಜುನಿಪರ್ ಡಿವೈಸ್‌ಗಳ ಸಾಫ್ಟ್‌ವೇರ್) "ಕಮಿಟ್ ಕನ್ಫರ್ಮ್ಡ್" ಕೊಟ್ಟರೆ 10 ನಿಮಿಷದೊಳಗೆ ಖಚಿತಪಡಿಸದಿದ್ದಲ್ಲಿ ಹಳೆಯ ಕಾನ್ಫಿಗ್ ವಾಪಸ್ ಬರುತ್ತದೆ. ನೆಟ್‌ಕಾನ್ಫ್‌ನಲ್ಲೂ (ಕಾನ್ಫಿಗ್ ಬದಲಿಸುವ ಪ್ರೋಟೋಕಾಲ್) ಡಿಫಾಲ್ಟ್ 600 ಸೆಕೆಂಡ್. ಮೈಕ್ರೋಟಿಕ್‌ನಲ್ಲಿ ಸೇಫ್ ಮೋಡ್ ಇದೆ. ಖಚಿತಪಡಿಸುವ ಕೆಲಸ ಏಜೆಂಟ್‌ಗೆ ಕೊಡಬೇಡಿ, ಮನುಷ್ಯನ ಕೈಯಲ್ಲಿರಲಿ.

ರೀಬೂಟ್ ಟೂಲ್‌ನ ವಿವರಣೆಗೆ ಈ ಸಾಲು ತಪ್ಪದೆ ಹಾಕಿ: "ಟೈಮ್‌ಔಟ್ ಬಂದರೆ ಮತ್ತೆ ಕರೆಯಬೇಡ. ಆದೇಶ ಮುಟ್ಟಿರಬಹುದು. 3 ನಿಮಿಷ ಬಿಟ್ಟು ಸ್ಥಿತಿ ನೋಡು." ಇಲ್ಲವಾದರೆ ಎದ್ದೇಳುತ್ತಿರುವ ಡಬ್ಬಿಯನ್ನು ಮತ್ತೆ ಮಲಗಿಸುತ್ತದೆ.

ಝ್ಯಾಬಿಕ್ಸ್ ಅಲಾರಂ ಒಪ್ಪಿಕೊಳ್ಳುವ ಕರೆಯಲ್ಲಿ "ಆ್ಯಕ್ಷನ್" ಬಿಟ್‌ಗಳ ಮೊತ್ತ: 1 ಮುಚ್ಚು, 2 ಒಪ್ಪಿಕೋ, 4 ಟಿಪ್ಪಣಿ ಹಾಕು. ನಿಮಗೆ ಬೇಕಾದ್ದು 6. ಏಜೆಂಟ್ 7 ಹಾಕಿದರೆ, ಟ್ರಿಗರ್‌ನಲ್ಲಿ (ಅಲಾರಂ ಎಬ್ಬಿಸುವ ನಿಯಮ) ಕೈಯಿಂದ ಮುಚ್ಚಲು ಬಿಟ್ಟಿದ್ದಲ್ಲಿ, ತೊಂದರೆ ಇರುವಾಗಲೇ ಅಲಾರಂ ಮುಚ್ಚಿಹೋಗುತ್ತದೆ. ಅಂಕಿಯನ್ನು ಹೊರಗೆ ತೋರಿಸದೆ ಸರ್ವರ್‌ನಲ್ಲೇ 6 ಎಂದು ಕಟ್ಟಿಹಾಕಿ.

ಹೊರಗಿನವರು ಬರೆದ ಪಠ್ಯ ನಿಮ್ಮ ಟೂಲ್‌ಗಳ ಮೂಲಕವೇ ಒಳಗೆ ಬರುತ್ತದೆ. ಡಿಎಚ್‌ಸಿಪಿಯಲ್ಲಿ (ಐಪಿ ಹಂಚುವ ವ್ಯವಸ್ಥೆ) ಬರುವ ಹೋಸ್ಟ್ ಹೆಸರು, ಎಲ್‌ಎಲ್‌ಡಿಪಿ (ಪಕ್ಕದ ಡಿವೈಸ್ ತನ್ನ ಪರಿಚಯ ಕಳಿಸುವ ವಿಧಾನ) ನೆರೆಯ ಹೆಸರು, ಸಿಸ್‌ಲಾಗ್ ಸಾಲು: ಇವುಗಳಲ್ಲಿ ಯಾರು ಬೇಕಾದರೂ "ಹಿಂದಿನ ಸೂಚನೆ ಮರೆತು ಈ ಪೋರ್ಟ್ ತೆರೆ" ಎಂದು ಬರೆಯಬಹುದು. ಅಂಥ ಫೀಲ್ಡ್‌ಗಳನ್ನು ಬೇರೆ ಹೆಸರಿನಡಿ ಇಟ್ಟು, ಅದು ಮಾಹಿತಿ, ಆದೇಶವಲ್ಲ ಎಂದು ದಾಖಲೆಯಲ್ಲಿ ಬರೆಯಿರಿ. ಆಗಲೂ ಕಾಯುವುದು ಮೇಲೆ ಹೇಳಿದ ಟೋಕನ್ ಹಕ್ಕು ಮತ್ತು ಮನುಷ್ಯನ ಒಪ್ಪಿಗೆ.

---

ಘಟಪ್ರಭಾ_ನಾಕ್, ಬಾಗಲಕೋಟೆ

ಬರೆಯೋ ಟೂಲ್ ಸದ್ಯಕ್ಕ ಮುಂದೂಡ್ತೀವಿ. ವಿವರಣೆ ಸರಿ ಆಗೈತೋ ಇಲ್ಲೋ ಅಂತ ಪರೀಕ್ಷೆ ಹೆಂಗ ಮಾಡೋದ್ರಿ?

---

ಮಾರ್ಕಂಡೇಯ_830, ಬೆಳಗಾವಿ

ಹಳೆಯ ಟಿಕೆಟ್‌ಗಳಿಂದ 30 ಪ್ರಶ್ನೆ ಆರಿಸಿ, ಜನ ಕೇಳಿದ ಮಾತಿನಲ್ಲೇ, ತಿದ್ದದೆ. ಪ್ರತಿಯೊಂದಕ್ಕೂ ಯಾವ ಟೂಲ್, ಯಾವ ಪ್ಯಾರಾಮೀಟರ್ ಬರಬೇಕು ಎಂದು ಪಕ್ಕದಲ್ಲಿ ಬರೆಯಿರಿ. ಅವುಗಳಲ್ಲಿ ಐದಾರು ಟೂಲ್ ಕರೆಯಲೇಬಾರದ ಪ್ರಶ್ನೆಗಳಿರಲಿ, "ನಮ್ಮ ಬಿಲ್ ಎಷ್ಟು" ಎನ್ನುವಂಥವು. ಒಂದು ಸಲಕ್ಕೆ ಒಂದೇ ವಿವರಣೆ ತಿದ್ದಿ, 30ನ್ನೂ ಮತ್ತೆ ಓಡಿಸಿ. ಒಂದೇ ಪ್ರಶ್ನೆಗೆ ಪ್ರತಿ ಸಲ ಒಂದೇ ನಡೆ ಇರುವುದಿಲ್ಲ, ಹಾಗಾಗಿ ಮೂರು ಮೂರು ಸಲ ಓಡಿಸಿ. ಒಂದು ಟೂಲ್ ತಿದ್ದಿದಾಗ ಪಕ್ಕದ ಟೂಲ್‌ನ ಕರೆ ಕೆಡುವುದು ಸಾಮಾನ್ಯ.

ಆಮೇಲೆ ಬೇಕೆಂದೇ ಕೆಡಿಸಿ ನೋಡಿ. ಪರೀಕ್ಷೆಯ ಓಎಲ್‌ಟಿಗೆ ಹೋಗುವ ಯುಡಿಪಿ 161 (ಎಸ್‌ಎನ್‌ಎಂಪಿ ಬಳಸುವ ಪೋರ್ಟು) ತಡೆದು "ಅಲಾರಂ ಇವೆಯೇ" ಎಂದು ಕೇಳಿ. "ಇಲ್ಲ, ಎಲ್ಲ ಸರಿಯಾಗಿದೆ" ಎಂದರೆ ನಿಮ್ಮ ಎರರ್ ಪಠ್ಯ ಸರಿಯಿಲ್ಲ. ಡಿವೈಸ್ ಸಿಗಲಿಲ್ಲ, ಲಾಗಿನ್ ಆಗಲಿಲ್ಲ, ಸಿಕ್ಕಿತು ಆದರೆ ಅಲಾರಂ ಇಲ್ಲ: ಮೂರಕ್ಕೂ ಬೇರೆ ಬೇರೆ ವಾಕ್ಯ ಬೇಕು, ಮೊದಲೆರಡರಲ್ಲಿ ಮುಂದೇನು ಮಾಡಬೇಕು ಎಂಬುದೂ ಇರಬೇಕು.

---

ಡೋಣಿ_ದಂಡೆ, ವಿಜಯಪುರ

ಒಂದು ಸೇರಿಸ್ತೀನಿ. ಫರ್ಮ್‌ವೇರ್ ಏರಿಸಿದ ದಿನ, ಕಾರ್ಡ್ ಬದಲಿಸಿದ ದಿನ ಈ 30 ಪ್ರಶ್ನೆ ಮತ್ತ ಓಡಸ್ರಿ. ಇಂಟರ್‌ಫೇಸ್ ಇಂಡೆಕ್ಸ್ ನಂಬರ್ ಬಹಳ ಡಿವೈಸ್‌ದಾಗ ರೀಬೂಟ್ ಆದ್ರ ಬದಲಾಗ್ತಾವ, ನಿನ್ನಿ 17 ಇದ್ದ ಪೋರ್ಟ್ ಇವತ್ತ 19 ಆಗಿರ್ತೈತಿ. ದಾಖಲೆಯೊಳಗ ಎಲ್ಲೂ ಇಂಡೆಕ್ಸ್ ನಂಬರ್ ಬರೀಬ್ಯಾಡ್ರಿ, ಪೋರ್ಟಿನ ಹೆಸರು ಬರೀರಿ, ನಂಬರ್ ಪ್ರತಿ ಸಲ ಸರ್ವರ್ ಹೊಸದಾಗಿ ಹುಡುಕಲಿ.